ಹಲವು ಭಾಷೆಯವರ ಸಭೆ ಒಂದಾಗಿ ನಡೆಯಲು: ಕಮಿಟಿಯಲ್ಲಿರುವವರಿಗೆ ಕೆಲವು ಮಾತು

ನಮ್ಮ ಕ್ರೈಸ್ತ ಸಭೆಯಲ್ಲಿ ಆರಾಧನೆಯ ಪಾಳಿಪಟ್ಟಿ ಬರೆಯುವ ಕೆಲಸ ಬಹುಕಾಲದಿಂದ ನನ್ನದು. ವಾಕ್ಯ ಓದುವವರು ಯಾರು, ಯಾವ ಭಾಷೆಯ ಕೀರ್ತನೆ, ಕಾಣಿಕೆ ಎತ್ತುವವರು ಯಾರು, ಎಲ್ಲವೂ ಆ ಹಾಳೆಯಲ್ಲಿರುತ್ತದೆ. ಬೇರೆ ಬೇರೆ ನೆಲದಿಂದ, ಸಂಸ್ಕೃತಿಯಿಂದ ಬಂದವರು ಒಂದೇ ಸಭೆಯಾಗಿ ಬಾಳುತ್ತಿದ್ದಾರೋ ಇಲ್ಲವೋ ಎಂಬುದು ಪ್ರಸಂಗಕ್ಕಿಂತ ಹೆಚ್ಚಾಗಿ ಆ ಹಾಳೆಯಲ್ಲಿ ಕಾಣುತ್ತದೆ. ಆದ್ದರಿಂದ ಅಲ್ಲಿಂದಲೇ ಶುರುಮಾಡಿ.

ಹಿಂದಿನ ಆರು ತಿಂಗಳ ಪಟ್ಟಿಗಳನ್ನು ಮುಂದಿಟ್ಟುಕೊಳ್ಳಿ. ಜೊತೆಗೆ ಕಮಿಟಿ ಸದಸ್ಯರು, ಖಜಾಂಚಿ, ಸಂಡೇ ಸ್ಕೂಲ್ ಶಿಕ್ಷಕರು, ದೇವಾಲಯದ ಬೀಗದ ಕೈ ಇಟ್ಟುಕೊಂಡವರು, ಇವರ ಹೆಸರುಗಳನ್ನೂ ಬರೆಯಿರಿ. ಭಾನುವಾರ ಬೆಂಚುಗಳಲ್ಲಿ ಕೂರುವವರನ್ನು ನೆನಪಿಸಿಕೊಂಡು ಹೋಲಿಸಿ ನೋಡಿ. ಒಂದು ಭಾಷೆಯವರು ಹಾಡಲು ಮಾತ್ರ ಬರುತ್ತಿದ್ದು, ಹಣದ ವಿಷಯ ನಿರ್ಧರಿಸುವಾಗ ಇಲ್ಲವೇ ಇಲ್ಲ ಎಂದಾದರೆ ಅವರು ಇನ್ನೂ ಅತಿಥಿಗಳೇ.

ಆಮೇಲೆ ದೂರುಗಳನ್ನು ಕೇಳಿ. ಇದು ಎಲ್ಲಕ್ಕಿಂತ ಮುಖ್ಯ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆಯಿರಿ. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂದು ಯೆರೂಸಲೇಮಿನ ಸಭೆಯಲ್ಲಿ ಗುಣುಗುಟ್ಟುವಿಕೆ ಎದ್ದಿತು. ಒಗ್ಗಟ್ಟಿನ ಹೆಸರು ಹೇಳಿ ಅಪೊಸ್ತಲರು ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳು. ಅವರಲ್ಲಿ ನಿಕೊಲಾಯ ಯೆಹೂದ್ಯನಾಗಿ ಹುಟ್ಟಿದವನೂ ಅಲ್ಲ, ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿದವನು. ದೂರಿದವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಬಂತು ಎಂದು ನಾನು ಇದನ್ನು ಓದುತ್ತೇನೆ. ನೀವೂ ಹಾಗೆ ಮಾಡಿ. ‘ನಮ್ಮ ಭಾಷೆಯ ರೋಗಿಗಳನ್ನು ನೋಡಲು ಯಾರೂ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಭೇಟಿಯ ತಂಡವನ್ನು ಅವರ ಮುಂದಾಳತ್ವದಲ್ಲಿಯೇ ಕಟ್ಟಿ, ಖರ್ಚಿನ ಹಣವನ್ನೂ ಅವರಿಗೇ ಒಪ್ಪಿಸಿ. ಇನ್ನೊಂದು ಮಾತು: ಇಂಥ ದೂರುಗಳು ವಾರ್ಷಿಕ ಸಭೆಯಲ್ಲಿ ಹೊರಬರುವುದು ಅಪರೂಪ. ಮೈಕಿನ ಮುಂದೆ ಪರಭಾಷೆಯಲ್ಲಿ ನೋವು ಹೇಳುವುದು ಕಷ್ಟ. ಮನೆಗೇ ಹೋಗಿ, ಆ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆರಾಧನೆಯಲ್ಲಿ ಪ್ರತಿಯೊಂದನ್ನೂ ಎಲ್ಲ ಭಾಷೆಗೂ ಅನುವಾದಿಸಲು ಹೋಗಬೇಡಿ. ಹೊತ್ತು ಎರಡು ಪಟ್ಟಾಗುತ್ತದೆ, ಮಕ್ಕಳು ದಣಿಯುತ್ತಾರೆ. ವಾಕ್ಯವನ್ನು ಒಂದು ಭಾಷೆಯಲ್ಲಿ ಓದಿ, ಉಳಿದವುಗಳಲ್ಲಿ ಅಚ್ಚು ಹಾಕಿ ಕೊಡಿ. ಮುಂದಿನ ವಾರ ಓದುವ ಭಾಷೆ ಬದಲಾಗಲಿ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಮಾತ್ರ ಎಲ್ಲರೂ ಒಟ್ಟಿಗೆ, ತಮ್ಮ ತಮ್ಮ ಭಾಷೆಯಲ್ಲಿ ಹೇಳಲಿ. ಕೆಲವರು ಬೇಗ ಮುಗಿಸುತ್ತಾರೆ, ಕೆಲವರು ತಡವಾಗಿ. ನಡೆಸುವವರು ಕೊನೆಯ ದನಿ ನಿಲ್ಲುವವರೆಗೆ ಕಾದು ಆಮೇಲೆ ಆಮೆನ್ ಹೇಳಬೇಕು. ಪ್ರಸಂಗಕ್ಕೆ ಅನುವಾದಕರಿದ್ದರೆ ಬರಹ ಎರಡು ದಿನ ಮೊದಲೇ ಅವರ ಕೈ ಸೇರಲಿ. ಹೊಸ ಭಾಷೆಯ ಹಾಡನ್ನು ಒಂದೇ ದಿನ ಪ್ರದರ್ಶನದಂತೆ ಹಾಡಿಸಿ ಬಿಡಬೇಡಿ. ಒಂದು ತಿಂಗಳು ಅದೇ ಹಾಡನ್ನು ಹಾಡಿ, ಆ ಭಾಷೆಯವರೇ ಕ್ವಾಯರಿಗೆ ಕಲಿಸಲಿ. ವರ್ಷಕ್ಕೊಮ್ಮೆ ಎಲ್ಲರೂ ತಮ್ಮ ಉಡುಪು ತೊಟ್ಟು ಬರುವ ಹಬ್ಬ ಚೆನ್ನವೇ, ಆದರೆ ಅಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳುವ ಸಭೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪದ್ಧತಿಗಳ ಜಗಳ ಬಂದೇ ಬರುತ್ತದೆ. ತಲೆಗೆ ಮುಸುಕು ಬೇಕೇ, ಚಪ್ಪಾಳೆ ತಟ್ಟಬಹುದೇ, ಮೊಣಕಾಲೂರಬೇಕೇ, ನಿಲ್ಲಬೇಕೇ? ಇಂಥದ್ದಕ್ಕೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಸಾಕು. ಅಲ್ಲಿನ ಜಗಳ ಊಟದ್ದು: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಯೆರೂಸಲೇಮಿನ ಹಿರಿಯರೂ ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದವರ ಮೇಲೆ ಸುನ್ನತಿಯ ಹೊರೆ ಹೊರಿಸದೆ, ಬೆರಳೆಣಿಕೆಯ ವಿಷಯಗಳನ್ನು ಮಾತ್ರ ಬರೆದು ಕಳುಹಿಸಿದರು. ನಿಮ್ಮ ಕಮಿಟಿಯೂ ‘ಇವಿಷ್ಟು ಎಲ್ಲರಿಗೂ ಅಗತ್ಯ’ ಎಂಬ ಚಿಕ್ಕ ಪಟ್ಟಿಯೊಂದನ್ನು ಕೂತು ಬರೆಯಲಿ. ಅದು ಒಂದು ಪುಟ ಮೀರಿದರೆ ಯಾರದೋ ರೂಢಿ ಒಳಗೆ ಸೇರಿಕೊಂಡಿದೆ ಎಂದರ್ಥ.

ಆದರೆ ಮನುಷ್ಯರನ್ನು ಮೇಲು ಕೀಳು ಮಾಡುವ ರೂಢಿ ಈ ಸಾಲಿಗೆ ಸೇರುವುದಿಲ್ಲ. ಕುಲದ, ಬಣ್ಣದ, ಅಂತಸ್ತಿನ ಲೆಕ್ಕದಲ್ಲಿ ಬೆಂಚು ಬೇರೆ, ಸಮಾಧಿಯ ಜಾಗ ಬೇರೆ, ಮದುವೆಯ ಮಾತು ಬೇರೆ ಎಂದಾದರೆ ಅದನ್ನು ಪರಂಪರೆ ಎಂದು ಗೌರವಿಸಬೇಡಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಊಟಮಾಡುವುದನ್ನು ಬಿಟ್ಟು ಹಿಂದೆ ಸರಿದಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಎದುರಿಸಿದನು. ಇಲ್ಲಿ ಮೆದುವಾಗುವುದು ಪ್ರೀತಿಯಲ್ಲ. ಕಮಿಟಿಯ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದು, ಸಭೆಯ ಮುಂದೆ ಓದಿ.

ಭಾಷೆಗೊಂದು ಆರಾಧನೆ ಇಟ್ಟುಕೊಂಡಿದ್ದರೂ ಪರವಾಗಿಲ್ಲ, ಹಿರಿಯರಿಗೆ ತಾಯ್ನುಡಿಯ ಪ್ರಾರ್ಥನೆ ಬೇಕು. ಆದರೆ ತಿಂಗಳಿಗೊಮ್ಮೆಯಾದರೂ ಕರ್ತನ ಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ, ಎಲ್ಲರಿಗೂ ಒಂದೇ ಮೇಜಿನಲ್ಲಿ ನಡೆಯಲಿ. ಒಂದೇ ಪಾತ್ರೆಯೋ ಸಣ್ಣ ಲೋಟಗಳೋ ಎಂಬುದನ್ನು ಮೊದಲೇ ತೀರ್ಮಾನಿಸಿ ಸಭೆಗೆ ತಿಳಿಸಿ, ಮೇಜಿನ ಬಳಿ ಗೊಂದಲ ಬೇಡ. ಒಟ್ಟಿಗೆ ಊಟಕ್ಕೆ ಸೇರುವಾಗ ಹೇಗಿರಬೇಕೆಂದು ಕೊರಿಂಥದವರಿಗೆ ಪೌಲನು ಹೇಳಿದ್ದು ಇದನ್ನೇ: ಒಬ್ಬರಿಗಾಗಿ ಒಬ್ಬರು ಕಾಯಿರಿ.

ಬೇರೆ ಪಂಗಡದ ಸಭೆಗಳೊಂದಿಗೂ ಸೇರಬೇಕೆಂದಿದ್ದರೆ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರವಿದೆ. 1908ರಲ್ಲಿ ಶುರುವಾದದ್ದು. ಒಂದು ಸಂಜೆ ಅವರ ದೇವಾಲಯಕ್ಕೆ ನೀವು ಹೋಗಿ, ಇನ್ನೊಂದು ಸಂಜೆ ಅವರನ್ನು ಕರೆಯಿರಿ.

ವರ್ಷದ ಕೊನೆಗೆ ಪಾಳಿಪಟ್ಟಿಯನ್ನು ನೋಡುವಾಗ ಸದಸ್ಯರ ರಿಜಿಸ್ಟರನ್ನೂ ತೆರೆಯಿರಿ. ಸದ್ದಿಲ್ಲದೆ ಬರುವುದನ್ನು ಬಿಟ್ಟವರ ಹೆಸರುಗಳನ್ನು ಗುರುತುಮಾಡಿ. ಅವರಲ್ಲಿ ಹೆಚ್ಚಿನವರು ಒಂದೇ ಭಾಷೆಯವರಾಗಿದ್ದರೆ, ಹೊಸ ಪಟ್ಟಿ ಬರೆಯುವ ಮೊದಲು ಆ ಮನೆಗಳಿಗೆ ಹೋಗಿ ಬನ್ನಿ.