ಕೆನಡಾ ಸೈನ್ಯದಲ್ಲಿದ್ದ ಅಪ್ಪ ಎಲ್ಲೆಲ್ಲಿ ಕಾದಾಡಿದರು? ಹುಡುಕುವ ದಾರಿ

ಎರಡನೇ ಮಹಾಯುದ್ಧದಿಂದ ಬದುಕಿ ಬಂದ ಕೆನಡಾದ ಸೈನಿಕರಲ್ಲಿ ಬಹಳ ಮಂದಿ ಮನೆಯಲ್ಲಿ ಆ ಬಗ್ಗೆ ಬಾಯಿಬಿಡಲೇ ಇಲ್ಲ. ಮಕ್ಕಳ ಕೈಗೆ ಉಳಿದದ್ದು ಒಂದಷ್ಟು ಪದಕ, ಒಂದೆರಡು ಫೋಟೊ, "ಅಪ್ಪ ಇಟಲಿಯಲ್ಲಿದ್ದರಂತೆ" ಅನ್ನುವ ಮಾತು. ಅಷ್ಟಿದ್ದರೂ ಹುಡುಕಬಹುದು. ಕೆನಡಾದ ಮನೆಗಳಿಗೆ ಸೊಸೆಯಾಗಿ, ಅಳಿಯನಾಗಿ ಹೋದ ಕನ್ನಡಿಗರೂ ಇದ್ದೀರಿ. ನಿಮ್ಮ ಅತ್ತೆಯೋ ಮಾವನೋ "ನಮ್ಮಪ್ಪ ಎಲ್ಲಿ ಯುದ್ಧ ಮಾಡಿದ್ದು ಅಂತ ಗೊತ್ತಾಗುತ್ತಾ?" ಅಂತ ಕೇಳಿದರೆ ಹೀಗೆ ಶುರು ಮಾಡಿ.

ಮೊದಲು ಸರ್ವೀಸ್ ನಂಬರ್, ಅಂದರೆ ಸೈನ್ಯ ಒಬ್ಬೊಬ್ಬ ಸೈನಿಕನಿಗೂ ಕೊಟ್ಟ ಗುರುತಿನ ಸಂಖ್ಯೆ. ಪದಕದ ಅಂಚಿನಲ್ಲಿ ಹುಡುಕಬೇಡಿ, ಆ ಯುದ್ಧದ ಕೆನಡಾ ಪದಕಗಳನ್ನು ಹೆಸರು ಕೆತ್ತದೆಯೇ ಕೊಟ್ಟರು. ಸೈನ್ಯದಿಂದ ಬಿಡುಗಡೆಯಾದ ಪತ್ರ, ಪೇ ಬುಕ್ (ಸಂಬಳದ ಪುಸ್ತಕ), ಹಳೇ ಕಾಗದದ ಲಕೋಟೆ, ಇವುಗಳಲ್ಲಿ ಸಿಗುತ್ತದೆ. ನಂಬರಿನ ಶುರುವಿನಲ್ಲಿರುವ ಅಕ್ಷರವೇ ಅರ್ಧ ಕಥೆ ಹೇಳುತ್ತದೆ: 'ಬಿ' ಅಂದರೆ ಟೊರೊಂಟೊ ಕಡೆ ಸೇರಿದವರು, 'ಕೆ' ಬ್ರಿಟಿಷ್ ಕೊಲಂಬಿಯಾ, 'ಎಂ' ಆಲ್ಬರ್ಟಾ. ನಂಬರ್ ಸಿಗದಿದ್ದರೆ ಪೂರ್ತಿ ಹೆಸರು, ಹುಟ್ಟಿದ ತಾರೀಕು ಇಟ್ಟುಕೊಂಡು ಮುಂದೆ ಹೋಗಿ.

ಆಮೇಲೆ ಸರ್ವೀಸ್ ಫೈಲ್, ಅಂದರೆ ಅವರ ಸೈನ್ಯದ ದಿನಗಳ ದಾಖಲೆ. ಅದು ಒಟ್ಟಾವಾದ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದಲ್ಲಿದೆ. ಯುದ್ಧದಲ್ಲಿ ತೀರಿಕೊಂಡವರ ಫೈಲುಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ವಾಪಸ್ ಬಂದವರದ್ದಕ್ಕೆ ಅರ್ಜಿ ಹಾಕಬೇಕು. ಅವರು ತೀರಿಕೊಂಡು 20 ವರ್ಷ ದಾಟಿದ್ದರೆ ಯಾರು ಬೇಕಾದರೂ ಕೇಳಬಹುದು, ದಾಟಿಲ್ಲದಿದ್ದರೆ ಹತ್ತಿರದ ಕುಟುಂಬದವರು ಮಾತ್ರ, ಅದೂ ಸಂಬಂಧಕ್ಕೆ ದಾಖಲೆ ಕೊಟ್ಟು. ಸಾವಿಗೂ ದಾಖಲೆ ಲಗತ್ತಿಸಿ. ಪೂರ್ತಿ ಫೈಲ್ ಬೇಕು ಅಂತಲೇ ಬರೆಯಿರಿ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅದಕ್ಕೇ ಈ ಅರ್ಜಿಯನ್ನು ಆದಷ್ಟು ಬೇಗ ಹಾಕಿಬಿಡಿ.

ಫೈಲ್ ಬಂದಾಗ ಎಲ್ಲರೂ ಸೇರಿದ ದಿನದ ಹಾಳೆಯನ್ನೇ ನೋಡುತ್ತಾರೆ. ಎತ್ತರ, ಕಣ್ಣಿನ ಬಣ್ಣ, ಮಾಡುತ್ತಿದ್ದ ಕೆಲಸ, ಆ ಎಳೆ ವಯಸ್ಸಿನ ಸಹಿ. ನೋಡಿ, ಖಂಡಿತ ನೋಡಿ. ಆದರೆ ನಿಮಗೆ ಬೇಕಾದದ್ದು ವರ್ಗಾವಣೆಗಳ ಹಾಳೆ. ಅದರಲ್ಲಿ 'ಟಿ.ಒ.ಎಸ್.' ಅಂತಿದ್ದರೆ ಆ ದಿನ ಒಂದು ಘಟಕದ ಲೆಕ್ಕಕ್ಕೆ ಸೇರಿಸಿಕೊಂಡರು, 'ಎಸ್.ಒ.ಎಸ್.' ಅಂತಿದ್ದರೆ ಆ ಲೆಕ್ಕದಿಂದ ತೆಗೆದರು. ಊರಲ್ಲಿ ಸೇರಿದ ರೆಜಿಮೆಂಟೇ ಯುದ್ಧ ಮಾಡಿದ ರೆಜಿಮೆಂಟ್ ಆಗಿರಬೇಕಿಲ್ಲ. ಎಷ್ಟೋ ಜನ ಇಂಗ್ಲೆಂಡಿನಲ್ಲಿ ತಿಂಗಳುಗಟ್ಟಲೆ ರೀಇನ್‌ಫೋರ್ಸ್‌ಮೆಂಟ್ ಯೂನಿಟ್‌ನಲ್ಲಿ (ಬದಲಿ ಆಳುಗಳನ್ನು ಇಟ್ಟುಕೊಳ್ಳುವ ಘಟಕ) ಇದ್ದು, ಆಮೇಲೆ ಆಳು ಕಡಿಮೆಯಾದ ಬೇರೆ ಬೆಟಾಲಿಯನ್ನಿಗೆ (ರೆಜಿಮೆಂಟಿನಿಂದ ಕಾದಾಡಲು ಹೋದ ಪಡೆ) ಹೋದರು.

ಈ ತಾರೀಕುಗಳನ್ನು ಬೆಟಾಲಿಯನ್ನಿನ ವಾರ್ ಡೈರಿಯ ಪಕ್ಕದಲ್ಲಿಟ್ಟು ಓದಬೇಕು. ಇಡೀ ಹುಡುಕಾಟದ ಜೀವ ಇರೋದು ಇಲ್ಲೇ. ಪ್ರತಿ ಬೆಟಾಲಿಯನ್ನೂ ದಿನದಿನದ ಡೈರಿ ಬರೆದಿಡುತ್ತಿತ್ತು, ಅವುಗಳ ಮೈಕ್ರೊಫಿಲ್ಮ್ ಸ್ಕ್ಯಾನ್‌ಗಳು ಕೆನಡಿಯಾನಾ ಹೆರಿಟೇಜ್ ತಾಣದಲ್ಲಿವೆ. ಹೆಸರು ಹಾಕಿ ಹುಡುಕೋಕೆ ಹೋಗಬೇಡಿ, ಬೇಕಾದ ತಿಂಗಳಿಗೆ ಹೋಗಿ ಪುಟ ತಿರುಗಿಸಿ. ಸಾಮಾನ್ಯ ಸೈನಿಕನ ಹೆಸರು ಅದರಲ್ಲಿ ಬರುವುದು ತೀರಾ ಅಪರೂಪ, ಆದರೆ ಅವರ ಸುತ್ತ ಏನಾಯಿತು ಅನ್ನೋದು ಸಿಗುತ್ತದೆ.

ಉದಾಹರಣೆಗೆ ಫೈಲಿನಲ್ಲಿ ಸೀಫೋರ್ತ್ ಹೈಲ್ಯಾಂಡರ್ಸ್ ಆಫ್ ಕೆನಡಾ (ವ್ಯಾಂಕೂವರ್‌ನ ಒಂದು ರೆಜಿಮೆಂಟ್), 1943ರ ಡಿಸೆಂಬರ್ ಕೊನೆ ಅಂತಿದೆ ಅಂದುಕೊಳ್ಳಿ. ಆಗ ಅವರು ಇಟಲಿಯ ಒರ್ಟೋನಾದಲ್ಲಿದ್ದರು. ಬೀದಿಗೆ ಕಾಲಿಟ್ಟರೆ ಗುಂಡು ಬೀಳುತ್ತಿತ್ತು, ಹಾಗಾಗಿ ಅವರೂ ಲಾಯಲ್ ಎಡ್ಮಂಟನ್ ರೆಜಿಮೆಂಟಿನವರೂ ಮನೆಗಳ ನಡುವಿನ ಗೋಡೆಯನ್ನೇ ಸಿಡಿಸಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಕ್ರಿಸ್‌ಮಸ್ ದಿನ ಸೀಫೋರ್ತ್‌ನವರಿಗೆ ಚರ್ಚಿನೊಳಗೇ ಮೇಜಿಗೆ ಬಿಳಿ ಬಟ್ಟೆ ಹಾಸಿ ಊಟ ಬಡಿಸಿದರು. ಒಂದೊಂದೇ ಕಂಪನಿ (ಬೆಟಾಲಿಯನ್ನಿನ ಒಂದು ತುಕಡಿ) ಬಂದು, ಉಂಡು, ಮತ್ತೆ ಕಾದಾಟಕ್ಕೆ ಹೋಯಿತು. ಅದೇ ಹೊತ್ತಿಗೆ ಕೆನಡಾದವರ ಎಡಕ್ಕೆ ಭಾರತದ 8ನೇ ಡಿವಿಷನ್ (ಹಲವು ಬೆಟಾಲಿಯನ್‌ಗಳ ದೊಡ್ಡ ಪಡೆ) ಹೋರಾಡುತ್ತಿತ್ತು, ನಮ್ಮವರಿಗೆ ಇದು ಅಷ್ಟಾಗಿ ಗೊತ್ತಿಲ್ಲ ಅಲ್ವಾ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಫೈಲಿನ ಪ್ರಕಾರ ಅಪ್ಪ ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಬೆಟಾಲಿಯನ್ ಒಂದು ಊರು ಗೆದ್ದಿದ್ದರೆ, ಅದನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ಅವರು ನಿಜವಾಗಿ ಪಟ್ಟ ಪಾಡೇ ಸಾಕಷ್ಟಿದೆ.

ಪದಕಗಳಿಂದ ತಾಳೆ ನೋಡಿ. ಇಟಲಿ ಸ್ಟಾರ್, ಫ್ರಾನ್ಸ್ ಅಂಡ್ ಜರ್ಮನಿ ಸ್ಟಾರ್ ಎರಡೂ ಇದ್ದರೆ ಗಾಬರಿ ಬೇಡ, 1945ರ ಶುರುವಿನಲ್ಲಿ ಇಟಲಿಯ ಕೆನಡಾ ಪಡೆಗಳನ್ನು ವಾಯವ್ಯ ಯುರೋಪಿಗೆ ಕಳಿಸಿದರು. ಬಣ್ಣದ ಫೋಟೊ ಅಥವಾ ಸಮವಸ್ತ್ರ ಉಳಿದಿದ್ದರೆ ತೋಳಿನ ಪಟ್ಟಿ ನೋಡಿ: ಕೆಂಪು 1ನೇ ಡಿವಿಷನ್, ನೀಲಿ 2ನೇದು, ಬೂದು 3ನೇದು.

ಫೈಲಿನಲ್ಲಿ ಮನೆಯವರಿಗೆ ಗೊತ್ತಿಲ್ಲದ ಸಂಗತಿಗಳೂ ಇರಬಹುದು. ರಜೆ ಇಲ್ಲದೆ ಹೋಗಿದ್ದಕ್ಕೆ ಸಂಬಳ ಕಡಿತ, ಲೈಂಗಿಕ ರೋಗದ ಚಿಕಿತ್ಸೆ, ಹೀಗೆ. ಹಾಗಾಗಿ ವಯಸ್ಸಾದ ಅಜ್ಜಿಯ ಮುಂದೆ ಸುಮ್ನೆ ಗಟ್ಟಿಯಾಗಿ ಓದಬೇಡಿ, ಮೊದಲು ನೀವೊಬ್ಬರೇ ಓದಿ.

ಇಷ್ಟಾದ ಮೇಲೆ ರೆಜಿಮೆಂಟಿನ ಮ್ಯೂಸಿಯಂಗೆ ಬರೆಯಿರಿ. ಸೀಫೋರ್ತ್‌ನದ್ದು ವ್ಯಾಂಕೂವರ್‌ನಲ್ಲಿದೆ, ಲಾಯಲ್ ಎಡ್ಮಂಟನ್‌ನದ್ದು ಎಡ್ಮಂಟನ್‌ನಲ್ಲಿದೆ. ಹೆಸರು, ನಂಬರ್, ಕಂಪನಿ, ತಾರೀಕು ಎಲ್ಲ ಸೇರಿಸಿ ಕೇಳಿ. ಮನೆಯಲ್ಲಿರುವ ಫೋಟೊಗಳ ಸ್ಕ್ಯಾನ್ ಕಳಿಸುವಾಗ ಹಿಂಬದಿಯದ್ದೂ ಕಳಿಸಿ, ಹೆಸರುಗಳನ್ನು ಬರೆದಿಟ್ಟಿರೋದು ಅಲ್ಲೇ ಜಾಸ್ತಿ.