ಕೌಂಟರ್ ಕೆಳಗಿನ 'ಇಲ್ಲ' ಪುಸ್ತಕ

ನಮ್ಮ ಲೈಬ್ರರಿಯಲ್ಲಿ ತಿಂಗಳ ಕಾರ್ಯಕ್ರಮ ಶುರು ಮಾಡಿದಾಗ ನಾನು ಮಾಡಿದ ಮೊದಲ ತಪ್ಪು, ಮನೆಯಲ್ಲಿ ಕೂತು ಪಟ್ಟಿ ಬರೆದದ್ದು. ಒಂದು ಉಪನ್ಯಾಸ, ಒಂದು ಪುಸ್ತಕ ಪ್ರದರ್ಶನ, ಒಂದು ರಸಪ್ರಶ್ನೆ. ಹಾಳೆ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೊದಲ ಉಪನ್ಯಾಸಕ್ಕೆ 60 ಕುರ್ಚಿ ಹಾಕಿಸಿದೆವು. ಬಂದವರು 9 ಜನ. ಅದರಲ್ಲಿ ಇಬ್ಬರು ನಮ್ಮ ಸಿಬ್ಬಂದಿ, ಒಬ್ಬರು ಪೇಪರ್ ಓದಲು ಬಂದು ಎದ್ದು ಹೋಗಲು ಸಂಕೋಚಪಟ್ಟವರು. ಉಪನ್ಯಾಸಕರು ದೊಡ್ಡ ಮನಸ್ಸಿನವರು, ಒಂದು ಗಂಟೆ ಪೂರ್ತಿ ಮಾತಾಡಿದರು. ಆಮೇಲೆ ಕುರ್ಚಿ ಎತ್ತಿಡುವಾಗ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಇದನ್ನು ಕೇಳಿದ್ದವರು ಯಾರು?

ಮರುದಿನ ಒಂದು ನೋಟ್‌ಬುಕ್ ತಂದು ಕೌಂಟರ್ ಕೆಳಗೆ ಇಟ್ಟೆ. ಯಾರಾದರೂ ಏನಾದರೂ ಕೇಳಿ ನಾವು "ಇಲ್ಲ" ಅಂದರೆ, ಅದನ್ನು ಅಲ್ಲೇ ಬರೆಯಬೇಕು. ತಾರೀಕು, ಕೇಳಿದ್ದೇನು, ಅಷ್ಟೇ. ಹೆಸರು ಬರೆಯೋದಿಲ್ಲ. ಯಾರು ಏನು ಹುಡುಕುತ್ತಿದ್ದಾರೆ ಅನ್ನೋದು ಅವರ ಸ್ವಂತ ವಿಷಯ, ನಮ್ಮ ದಾಖಲೆಗೆ ಅದು ಬೇಡ. ಸಹೋದ್ಯೋಗಿಗಳು ಅದಕ್ಕೆ 'ಇಲ್ಲ ಪುಸ್ತಕ' ಅಂತಲೇ ಹೆಸರಿಟ್ಟರು.

ತಿಂಗಳ ಕೊನೆಗೆ ತೆಗೆದು ಓದಿದೆ. ಪುಸ್ತಕಗಳ ಹೆಸರೇ ತುಂಬಿರುತ್ತವೆ ಅಂದುಕೊಂಡಿದ್ದೆ. ಅರ್ಧಕ್ಕಿಂತ ಜಾಸ್ತಿ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಗಳು! "ಈ ಅರ್ಜಿ ತುಂಬೋಕೆ ಯಾರಾದ್ರೂ ಹೇಳಿಕೊಡ್ತಾರಾ?" "ಮಗು ಗಲಾಟೆ ಮಾಡಿದ್ರೂ ಬೈಯದ ಹೊತ್ತು ಯಾವುದಾದ್ರೂ ಇದೆಯಾ?" "ಪುಸ್ತಕ ಕಳೆದುಹೋಗಿದೆ, ದಂಡ ಎಷ್ಟಾಗುತ್ತೋ ಅಂತ ಎರಡು ವರ್ಷದಿಂದ ಬಂದಿಲ್ಲ, ಏನು ಮಾಡ್ಲಿ?" ಒಬ್ಬ ಹಿರಿಯರು ಮೂರು ಸಲ ಬಂದು ಒಂದೇ ಮಾತು ಕೇಳಿದ್ದರು. "ಅಕ್ಷರ ಸ್ವಲ್ಪ ದೊಡ್ಡದಿರೋ ಪುಸ್ತಕ ಇದೆಯೇನಮ್ಮಾ?"

ನಮ್ಮ ತಿಂಗಳ ವೇಳಾಪಟ್ಟಿ ಈ ಸಾಲುಗಳಿಂದಲೇ ಹುಟ್ಟಿತು. ಮೊದಲ ಶನಿವಾರ ಮಕ್ಕಳ ಕಥೆ. ಎರಡನೆಯದು ಪುಸ್ತಕ ರಿಪೇರಿ. ಮೂರನೆಯದು ಕಂಪ್ಯೂಟರ್ ಮತ್ತು ಅರ್ಜಿ ಸಹಾಯ. ನಾಲ್ಕನೆಯದು ದೊಡ್ಡವರ ಓದು ಬಳಗ. ತಾರೀಕು ಹಾಕಲಿಲ್ಲ, ವಾರವನ್ನೇ ಗಟ್ಟಿ ಮಾಡಿದೆವು. ತಾರೀಕು ಯಾರಿಗೂ ನೆನಪಿರೋದಿಲ್ಲ, 'ಮೊದಲ ಶನಿವಾರ' ನೆನಪಿರುತ್ತೆ. ಒಂದು ತಿಂಗಳು ಹಾಲ್ ಖಾಲಿ ಇಲ್ಲ ಅಂತ ಕಥೆಯನ್ನು ಒಂದು ವಾರ ಮುಂದೆ ಹಾಕಿದೆ. ನೋಟಿಸ್ ಬೋರ್ಡಿನಲ್ಲಿ ಬರೆದಿದ್ದೆ ಕೂಡ. ಆದರೂ ಮೊದಲ ಶನಿವಾರ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಆ ಗುಂಪು ಮತ್ತೆ ಕೂಡಿಕೊಳ್ಳೋಕೆ ಮೂರು ತಿಂಗಳು ಹಿಡಿಯಿತು. ಅಂದಿನಿಂದ ಏನೇ ಆದರೂ ದಿನ ಬದಲಿಸೋದಿಲ್ಲ. ಹಾಲ್ ಇಲ್ಲದಿದ್ದರೆ ಕಪಾಟುಗಳ ನಡುವೆಯೇ ಚಾಪೆ ಹಾಕ್ತೀವಿ.

ಮಕ್ಕಳ ಕಥೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಮೊದಲ ಸಲ ಒಂದೂವರೆ ಗಂಟೆ ಇಟ್ಟೆ. ಇಪ್ಪತ್ತೈದನೇ ನಿಮಿಷಕ್ಕೆ ಒಬ್ಬ ಹುಡುಗ ಮೇಜಿನ ಕೆಳಗೆ, ಇನ್ನೊಬ್ಬ ಕಿಟಕಿ ಮೇಲೆ. ಈಗ 3ರಿಂದ 6 ವರ್ಷದವರಿಗೆ ಅರ್ಧ ಗಂಟೆ, ಅಷ್ಟೇ. ಎರಡು ಕಥೆ, ನಡುವೆ ಎದ್ದು ಕುಣಿಯುವ ಒಂದು ಹಾಡು. ಶುರುವಿಗೆ ಪ್ರತಿ ತಿಂಗಳೂ ಅದೇ ಹಾಡು. ನನಗೆ ಬೇಜಾರಾಗಿದೆ, ಮಕ್ಕಳಿಗೆ ಆಗಿಲ್ಲ. ಪುಸ್ತಕವನ್ನು ಪಕ್ಕಕ್ಕೆ ಹಿಡಿದು, ಪುಟ ಅವರ ಕಡೆ ತಿರುಗಿಸಿ, ನಾನು ಓರೆಗಣ್ಣಿನಲ್ಲಿ ಓದಬೇಕು. ಇದಕ್ಕೆ ಅಭ್ಯಾಸ ಬೇಕು. ಹಿಂದಿನ ದಿನ ಖಾಲಿ ಕುರ್ಚಿಗಳ ಮುಂದೆ ಒಂದು ಸಲ ಜೋರಾಗಿ ಓದ್ತೀನಿ, ನೋಡಿದವರು ನಗಲಿ ಬಿಡಿ. ಇನ್ನೊಂದು ಕಲಿತದ್ದು, ಓದಿದ ಕಥೆಯ ಇನ್ನೆರಡು ಪ್ರತಿಯಾದರೂ ಪಕ್ಕದ ಮೇಜಿನ ಮೇಲೆ ಇರಬೇಕು. ಕಥೆ ಮುಗಿದ ಕೂಡಲೇ ಮಗು ಕೈ ಚಾಚುವುದು ಅದೇ ಪುಸ್ತಕಕ್ಕೆ. "ಬೇರೆಯವರು ತಗೊಂಡ್ರು" ಅಂದರೆ ಅಳು.

ಅರ್ಜಿ ಸಹಾಯವನ್ನು ಲೈಬ್ರರಿ ಕೆಲಸ ಅಂತ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಸಮಯ ಬೇಕಾಯಿತು. ಅದೇ ಈಗ ಎಲ್ಲಕ್ಕಿಂತ ಜಾಸ್ತಿ ಜನ ಬರುವ ಶನಿವಾರ. ಒಬ್ಬರಿಗೆ 20 ನಿಮಿಷ, ಬಾಗಿಲಲ್ಲಿ ಟೋಕನ್. ನಮ್ಮ ನಿಯಮ ಒಂದೇ: ಕೀಬೋರ್ಡ್ ಅವರ ಕೈಯಲ್ಲೇ ಇರಬೇಕು. ನಾವೇ ಟೈಪ್ ಮಾಡಿದರೆ ಎರಡು ನಿಮಿಷದ ಕೆಲಸ, ನಿಜ. ಆದರೆ ಮುಂದಿನ ತಿಂಗಳು ಅವರು ಮತ್ತೆ ಟೋಕನ್ ಹಿಡಿದು ಬರ್ತಾರೆ. ಪಾಸ್‌ವರ್ಡ್ ಒತ್ತುವಾಗ ನಾನು ಮುಖ ತಿರುಗಿಸಿ ನಿಲ್ಲುತ್ತೇನೆ. ಮುಗಿದ ಮೇಲೆ ಮೂರು ಕೆಲಸ: ಲಾಗ್ ಔಟ್, ಡೌನ್‌ಲೋಡ್ ಆದ ಫೈಲ್ ಅಳಿಸೋದು, ಸ್ಕ್ಯಾನರ್ ಮುಚ್ಚಳ ಎತ್ತಿ ನೋಡೋದು. ಮೂರನೆಯದನ್ನು ಅನುಭವ ಕಲಿಸಿತು. ಅಸಲಿ ದಾಖಲೆಯನ್ನು ಗಾಜಿನ ಮೇಲೇ ಬಿಟ್ಟು ಹೋಗುವವರು ಒಬ್ಬಿಬ್ಬರಲ್ಲ.

ಒಬ್ಬ ಅಮ್ಮ ಮೊದಲ ಸಲ ಮೌಸ್ ಹಿಡಿದಿದ್ದರು. ಬಾಣ ಪರದೆಯ ಅರ್ಧಕ್ಕೆ ಬರುವಷ್ಟರಲ್ಲಿ ಮೌಸ್ ಮೇಜಿನ ಅಂಚಿಗೆ ಬಂತು. ಅವರು ಸುಮ್ನೆ ನಿಂತುಬಿಟ್ಟರು. ಆಮೇಲೆ ಕುರ್ಚಿಯನ್ನೇ ಸರಿಸಿಕೊಂಡರು. ಮೌಸನ್ನು ಗಾಳಿಯಲ್ಲಿ ಎತ್ತಿ ಮತ್ತೆ ಈಚೆ ಇಡಬಹುದು ಅಂತ ಹೇಳಬೇಕು ಅನ್ನೋದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಎತ್ತಿ ಇಟ್ಟು ತೋರಿಸಿದೆ. "ಓ, ಇಷ್ಟೇನಾ!" ಅಂದರು. ಆ ದಿನ ಅರ್ಜಿ ಮುಗಿಯಲಿಲ್ಲ. ಮುಂದಿನ ತಿಂಗಳು ಮುಗಿಯಿತು, ಹೋಗುವಾಗ ಸದಸ್ಯತ್ವದ ಕಾರ್ಡನ್ನೂ ಮಾಡಿಸಿಕೊಂಡರು.

ಇದಕ್ಕೆಲ್ಲ ಸ್ವಲ್ಪ ಶುಲ್ಕ ಇಡಬಾರದಾ ಅಂತ ಒಮ್ಮೆ ಚರ್ಚೆ ಬಂತು. ಯುನೆಸ್ಕೊ ಮತ್ತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 1994ರಲ್ಲಿ ಹೊರಡಿಸಿದ ಪ್ರಣಾಳಿಕೆ, ಸಾರ್ವಜನಿಕ ಗ್ರಂಥಾಲಯದ ಸೇವೆ ತಾತ್ವಿಕವಾಗಿ ಉಚಿತವಾಗಿರಬೇಕು ಅನ್ನುತ್ತೆ. 2022ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ ಆ ಮಾತು ಉಳಿಯಿತು. ಅದನ್ನೇ ಮುಂದಿಟ್ಟೆ. ಪ್ರಿಂಟಿಗೆ ಕಾಗದದ ಖರ್ಚು ಮಾತ್ರ ತಗೊಳ್ತೀವಿ, ಸಹಾಯಕ್ಕೆ ಏನೂ ಇಲ್ಲ.

ದಂಡದ ವಿಷಯವೂ ಹಾಗೆಯೇ. ಷಿಕಾಗೊ ನಗರದ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರ್‌ನಲ್ಲಿ ತಡದ ದಂಡವನ್ನೇ ತೆಗೆದುಹಾಕಿತು. ಅದಾದ ಮೇಲೆ ಹಳೇ ಪುಸ್ತಕಗಳು ವಾಪಸ್ ಬರೋದು ಜಾಸ್ತಿಯಾಯಿತು. ನಮಗೆ ಪೂರ್ತಿ ತೆಗೆಯುವ ಅಧಿಕಾರ ಇಲ್ಲ. ಹಾಗಾಗಿ ತಿಂಗಳಿಗೊಂದು ದಿನ ಬಾಗಿಲ ಹತ್ತಿರ ಖಾಲಿ ಪೆಟ್ಟಿಗೆ ಇಡ್ತೀವಿ. ಪುಸ್ತಕ ಹಾಕಿ, ಯಾರೂ ಏನೂ ಕೇಳೋದಿಲ್ಲ. ಮೊದಲ ತಿಂಗಳು ಬಂದ ಒಂದು ಪುಸ್ತಕದೊಳಗೆ ಬಸ್ ಟಿಕೆಟ್ ಇತ್ತು, ಅರ್ಧಕ್ಕೆ ಗುರುತಿಟ್ಟದ್ದು. ಪಾಪ, ಅವರು ಮುಂದೆ ಓದಲೇ ಇಲ್ಲ ಅಂತ ಕಾಣುತ್ತೆ.

ಪುಸ್ತಕ ರಿಪೇರಿ ನನ್ನ ಇಷ್ಟದ ಶನಿವಾರ, ಅದನ್ನು ಮುಚ್ಚಿಡೋದಿಲ್ಲ. ಬಂದವರಿಗೆ ಮೊದಲ ಪಾಠ: ಸೆಲ್ಲೋಟೇಪ್ ಮುಟ್ಟಬೇಡಿ. ಅದರ ಅಂಟು ವರ್ಷಗಳಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತೆ, ಟೇಪ್ ಉದುರಿದರೂ ಕಲೆ ಉಳಿಯುತ್ತೆ. ನಾವು ಬಳಸೋದು ಪಿವಿಎ ಅನ್ನುವ ಬಿಳಿ ಅಂಟು, ಒಣಗಿದ ಮೇಲೂ ಬಾಗುತ್ತೆ. ರಟ್ಟು ಸಡಿಲವಾದ ಪುಸ್ತಕಕ್ಕೆ ಒಂದು ಹೆಣಿಗೆ ಕಡ್ಡಿ ಸಾಕು. ಕಡ್ಡಿಗೆ ತೆಳ್ಳಗೆ ಅಂಟು ಸವರಿ, ಬೆನ್ನಿನ ಪಕ್ಕದ ಸಂದಿಗೆ ಇಳಿಸಿ, ಉರುಳಿಸುತ್ತಾ ಹೊರಗೆ ತೆಗೆಯಬೇಕು. ರಟ್ಟಿನ ಒಳಗೆ ಮೇಣದ ಕಾಗದ ಇಟ್ಟು ಮುಚ್ಚಿ, ಮೇಲೆ ದಪ್ಪ ನಿಘಂಟು ಹೇರಿ ಒಂದು ರಾತ್ರಿ ಬಿಡಿ. ಅಂಟು ಜಾಸ್ತಿಯಾದರೆ ಪುಟಗಳೂ ಸೇರಿ ಅಂಟಿಕೊಳ್ಳುತ್ತವೆ. ನನ್ನ ಮೊದಲ ಪುಸ್ತಕ ಹಾಗೇ ಆಯಿತು, ಈಗ ಅದನ್ನೇ 'ಹೀಗೆ ಮಾಡಬೇಡಿ' ಅಂತ ತೋರಿಸೋಕೆ ಇಟ್ಟುಕೊಂಡಿದ್ದೀನಿ.

ಓದು ಬಳಗದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎಲ್ಲರೂ ಒಂದೇ ಪುಸ್ತಕ ಓದಿ ಬರಬೇಕು ಅಂದಾಗ ಓದದವರು ನಾಚಿಕೆಯಿಂದ ಬರಲಿಲ್ಲ. ಓದಿದ್ದು ಏನಾದರೂ ಆಗಲಿ, ಐದು ನಿಮಿಷ ಹೇಳಿ ಅಂದೆ. ಈಗ ಬರ್ತಾರೆ.

ಜನರಿಗೆ ಕಾಣದ ತಿಂಗಳ ಕೆಲಸ ಒಂದಿದೆ, ಕಳೆ ಕೀಳೋದು, ಅಂದರೆ ಹಳತಾದ, ಯಾರೂ ಮುಟ್ಟದ ಪುಸ್ತಕಗಳನ್ನು ಕಪಾಟಿನಿಂದ ತೆಗೆಯೋದು. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸೋಕೆ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ವರ್ಗೀಕರಣದಲ್ಲಿ, 000ರಿಂದ 900ರವರೆಗೆ ಹತ್ತು ದೊಡ್ಡ ವರ್ಗ. ತಿಂಗಳಿಗೊಂದು ಅಂತ ಹಂಚಿಕೊಂಡೆ. ಜನವರಿಯಲ್ಲಿ 000, ಅಕ್ಟೋಬರ್‌ನಲ್ಲಿ 900. ಉಳಿದ ಎರಡು ತಿಂಗಳು ಮಕ್ಕಳ ವಿಭಾಗ ಮತ್ತು ಪರಾಮರ್ಶನ ಗ್ರಂಥಗಳು. ವರ್ಷಕ್ಕೊಮ್ಮೆ ಇಡೀ ಲೈಬ್ರರಿ ಹರಡಿಕೊಂಡು ಸುಸ್ತಾಗುವ ಬದಲು ಇದು ವಾಸಿ. 610ರ ವೈದ್ಯಕೀಯ, 340ರ ಕಾನೂನು, ಈ ಎರಡರಲ್ಲಿ ಹಳತು ಉಳಿದರೆ ಓದುಗರಿಗೆ ಹಾನಿ, ಅಲ್ಲಿ ಮುಲಾಜಿಲ್ಲ. ಕಥೆ ಕಾದಂಬರಿಗಳಲ್ಲಿ ಮಾತ್ರ ಕೈ ತಡೆಯುತ್ತೆ. ನಮ್ಮ ದೇಶದ ಹೆಸರಾಂತ ಗ್ರಂಥಪಾಲಕ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇರಬೇಕು ಅನ್ನುತ್ತೆ. ಹಾಗಾಗಿ ಯಾರೂ ಮುಟ್ಟದ ಕಾದಂಬರಿಯನ್ನು ತೆಗೆದುಹಾಕುವ ಮೊದಲು ಒಂದು ತಿಂಗಳು ಕೌಂಟರ್ ಪಕ್ಕ, ಮುಖಪುಟ ಕಾಣುವ ಹಾಗೆ ನಿಲ್ಲಿಸ್ತೀನಿ. ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ಮೂಲೆ ಹಿಡಿದಿದ್ದವು ಎಷ್ಟೋ ಸಲ ಹಾಗೇ ಮನೆ ಸೇರಿವೆ.

ಆ ಹಿರಿಯರಿಗೆ ಏನು ಮಾಡಿದೆವು ಅಂತ ಹೇಳಬೇಕಲ್ವಾ? ದೊಡ್ಡ ಅಕ್ಷರದ ಪುಸ್ತಕ ಅಂದರೆ ಅಚ್ಚಿನ ಅಕ್ಷರದ ಗಾತ್ರ ಕನಿಷ್ಠ 16 ಪಾಯಿಂಟ್ ಇರಬೇಕು. ನಮ್ಮ ಕಪಾಟು ಪೂರ್ತಿ ಹುಡುಕಿದರೂ ಸಿಕ್ಕಿದ್ದು ಮಕ್ಕಳ ಪುಸ್ತಕಗಳೇ. ಅವರು ಅವನ್ನೇ ಎರಡು ತಿಂಗಳು ಸಂತೋಷವಾಗಿ ಓದಿದರು. ಅಷ್ಟರಲ್ಲಿ ಒಂದು ಟ್ಯಾಬ್ಲೆಟ್ ಸಿಕ್ಕಿತು, ಅಕ್ಷರ ಬೇಕಾದಷ್ಟು ಹಿಗ್ಗಿಸಬಹುದು. ಆಡಿಯೋ ಪುಸ್ತಕವನ್ನೂ ತೋರಿಸಿದೆ. "ಬೇರೆಯವರ ದನಿ ಬೇಡಮ್ಮ, ನನಗೆ ನಾನೇ ಓದಿಕೊಳ್ಳಬೇಕು" ಅಂದರು.

'ಇಲ್ಲ ಪುಸ್ತಕ' ಈಗ ಮೂರನೆಯದು ನಡೀತಿದೆ. ಅದರಲ್ಲಿ ಒಂದು ಸಾಲು ಮೊದಲ ತಿಂಗಳಿನಿಂದಲೂ ಬಂದು ಬಂದು ನನ್ನನ್ನು ಕಾಡಿಸಿದೆ. "ರಾತ್ರಿ ಒಂಬತ್ತರವರೆಗೆ ತೆರೆದಿರುತ್ತಾ?" ನಾವಿರೋದೇ ಮೂರು ಜನ, ಇಲ್ಲ ಅನ್ನದೆ ಬೇರೆ ದಾರಿ ಇರಲಿಲ್ಲ. ಈಗ ಓದು ಬಳಗದ ಇಬ್ಬರು ಬಾಗಿಲಲ್ಲಿ ಕೂರ್ತೀವಿ ಅಂದಿದ್ದಾರೆ. ಮುಂದಿನ ತಿಂಗಳ ಕೊನೆಯ ಶುಕ್ರವಾರ ಒಂದು ದಿನ ನೋಡೋಣ ಅಂತ ನೋಟಿಸ್ ಬರೆದಿಟ್ಟಿದ್ದೀನಿ. ಹಾಕೋ ಮೊದಲು ಓದುವ ಕೋಣೆಯ ಎರಡು ಟ್ಯೂಬ್‌ಲೈಟ್ ಬದಲಾಯಿಸಬೇಕು. ಆರು ಗಂಟೆಗೆ ಬಾಗಿಲು ಹಾಕ್ತಿದ್ದ ನಮಗೆ ಅವು ಕೆಟ್ಟಿರೋದೇ ಗೊತ್ತಿರಲಿಲ್ಲ.