ಹೊರದೇಶದ ಮಿಷನ್ ತಂಡ ಸೇರುವ ಮುನ್ನ

1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಆರಂಭಿಸಿದ ಯೂತ್ ವಿತ್ ಎ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯಲ್ಲಿ ಸೇವಕರಾಗಬಯಸುವವರು ಮೊದಲು ಅದರ ಶಿಷ್ಯತ್ವ ತರಬೇತಿ ಶಾಲೆಯನ್ನು ಮುಗಿಸಬೇಕಾಗುತ್ತದೆ. ಅಲ್ಲಿ ಸುಮಾರು ಮೂರು ತಿಂಗಳ ತರಗತಿಗಳ ಬಳಿಕ ಎರಡು-ಮೂರು ತಿಂಗಳು ತಂಡದೊಂದಿಗೆ ಬೇರೊಂದು ಊರಿನಲ್ಲೋ ದೇಶದಲ್ಲೋ ಸುವಾರ್ತಾ ಸೇವೆ (ಔಟ್‌ರೀಚ್) ಇರುತ್ತದೆ. ಅರ್ಜಿಯನ್ನು ನೀವು ಆರಿಸಿಕೊಂಡ ತರಬೇತಿ ಕೇಂದ್ರಕ್ಕೇ ಕಳುಹಿಸಬೇಕು. ನಿಮ್ಮ ಚರ್ಚಿನ ಸಭಾಪಾಲಕರ (ಪಾಸ್ಟರ್) ಶಿಫಾರಸನ್ನೂ ಕೇಳುವುದರಿಂದ ಅವರಿಗೆ ಮೊದಲೇ ತಿಳಿಸಿರಿ.

ಹಣದ ವಿಚಾರದಲ್ಲಿ ಸಂಕೋಚ ಬೇಡ. ಇಲ್ಲಿ ಸಂಬಳವಿಲ್ಲ, ಸೇವಕರು ತಮ್ಮ ಸಭೆ ಹಾಗೂ ಬಂಧುಮಿತ್ರರ ಕಾಣಿಕೆಯಿಂದಲೇ ಜೀವನ ನಡೆಸುತ್ತಾರೆ. ಆದ್ದರಿಂದ ತರಗತಿಯ ಶುಲ್ಕದಲ್ಲಿ ಔಟ್‌ರೀಚ್ ಖರ್ಚು, ವಿಮಾನ ಟಿಕೆಟ್, ವಿಮೆ ಸೇರಿವೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ಟೂರಿಸ್ಟ್ ವೀಸಾದಲ್ಲೇ ಬನ್ನಿ ಎಂದು ಯಾರಾದರೂ ಹೇಳಿದರೆ (ಹೇಳುವವರಿಗೇನೂ ಕಡಿಮೆಯಿಲ್ಲ) ಅದನ್ನು ನಂಬದೆ, ತರಬೇತಿಗೂ ಧರ್ಮಪ್ರಚಾರಕ್ಕೂ ಯಾವ ವೀಸಾ ಸಲ್ಲುತ್ತದೆಂಬುದನ್ನು ಆ ದೇಶದ ರಾಯಭಾರ ಕಚೇರಿಯಿಂದಲೇ ಖಚಿತಪಡಿಸಿಕೊಂಡು, ಅನಂತರವಷ್ಟೇ ಟಿಕೆಟ್ ಕಾಯ್ದಿರಿಸಿರಿ.